ಬೀಜದ ಹಿಂದಿರುವ ವಿದ್ಯೆಗೂ ಬಂಡವಾಳ ಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಅವರ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಒಬ್ಬ ರೈತನ ಕೈಯಲ್ಲಿ ಆಗದ ಕೆಲಸವನ್ನು ಹತ್ತು ಜನ ಸೇರಿ ಮಾಡಬಹುದೆ? ಮಾಡಬಹುದು ಅಂತ ನಮ್ಮ ಸಂಘವೂ ತೋರಿಸಿಕೊಟ್ಟಿದೆ. ಸಾಲ, ಗೊಬ್ಬರ, ಬಿತ್ತನೆ ಬೀಜ, ಇವುಗಳ ಬಗ್ಗೆ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಇನ್ನೊಂದು ವಿಷಯ ಎತ್ತಿಕೊಳ್ಳುತ್ತೇನೆ. ಆ ಬೀಜ ಬರುವುದು ಎಲ್ಲಿಂದ? ಅದರ ಹಿಂದೆ ಯಾರ ದುಡಿಮೆ ಇದೆ? ಆ ದುಡಿಮೆಗೆ ಹಣ ಕೊಡುವವರು ಯಾರು? ಕೊಡದೆ ಹೋದರೆ ನಮಗೇನಾಗುತ್ತದೆ?

ಗಿಡಗಳ ಬಗ್ಗೆ ಸಂಶೋಧನೆ ಅಂದರೆ ಅದು ಪಟ್ಟಣದ ದೊಡ್ಡವರ ವಿಷಯ, ನಮಗೇನು ಸಂಬಂಧ ಅಂತ ಎಷ್ಟೋ ಜನ ಕೇಳ್ತಾರೆ. ಆದ್ದರಿಂದ ನಮ್ಮ ಹೊಲದಿಂದಲೇ ಶುರು ಮಾಡೋಣ.

ಹಾಸನದ ಆಲೂಗೆಡ್ಡೆ ಅಂದರೆ ಒಂದು ಕಾಲಕ್ಕೆ ದಕ್ಷಿಣದ ಮಾರುಕಟ್ಟೆಗಳಲ್ಲೆಲ್ಲ ಹೆಸರು. ಮುಂಗಾರಿನ ಮಳೆ ನಂಬಿ ಮೇ, ಜೂನ್ ತಿಂಗಳಲ್ಲಿ ಗೆಡ್ಡೆ ಊರಿ, ಮೂರು ತಿಂಗಳಲ್ಲಿ ಕೈಗೆ ಕಾಸು ಕಾಣುವ ಬೆಳೆ ಅದು. ಮಗಳ ಮದುವೆ, ಮನೆಯ ಮಾಳಿಗೆ, ಮಗನ ಕಾಲೇಜು ಫೀಜು ಎಲ್ಲಕ್ಕೂ ಆಲೂಗೆಡ್ಡೆಯೇ ಆಧಾರವಾಗಿದ್ದ ಮನೆಗಳು ಈ ಸಭೆಯಲ್ಲೇ ಬೇಕಾದಷ್ಟಿವೆ. ಈಗ ಅದೇ ಹೊಲಗಳಲ್ಲಿ ಮೆಕ್ಕೆಜೋಳ ನಿಂತಿದೆ, ಶುಂಠಿ ನಿಂತಿದೆ. ಬೆಲೆ ಕುಸಿತ, ಬೀಜದ ದುಬಾರಿ, ಇವೆಲ್ಲ ಕಾರಣ ಹೌದು. ಆದರೆ ರೈತನ ಧೈರ್ಯವನ್ನೇ ಮುರಿದದ್ದು ಅಂಗಮಾರಿ.

ಅಂಗಮಾರಿ ಹೇಗೆ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೋಡ ಮುಚ್ಚಿಕೊಂಡು, ಜಡಿ ಮಳೆ ಹಿಡಿದು, ತಂಪಾದ ಗಾಳಿ ಬೀಸಿದ ನಾಲ್ಕು ದಿನದಲ್ಲಿ ಎಲೆಯ ಮೇಲೆ ನೀರು ನೆನೆದಂಥ ಕಲೆ. ಎಲೆ ಮಗುಚಿ ನೋಡಿದರೆ ಬೆಳ್ಳನೆಯ ಬೂಷ್ಟು. ವಾರ ಕಳೆಯುವುದರೊಳಗೆ ಇಡೀ ಹೊಲಕ್ಕೆ ಬಿಸಿನೀರು ಎರಚಿದ ಹಾಗೆ. ಎಕರೆಗೆ ಹತ್ತಾರು ಮೂಟೆ ಬೀಜ ಹಾಕಿದವನು ಹಾಕಿದ ಬೀಜವನ್ನೂ ಎತ್ತಲಾರದ ಸ್ಥಿತಿ. ಸಂಘದ ಸಾಲದ ಪುಸ್ತಕದಲ್ಲಿ ಸುಸ್ತಿ ಅಂತ ಬರೆಯುವ ಎಷ್ಟೋ ಹೆಸರುಗಳ ಹಿಂದೆ ಸೋಮಾರಿತನ ಇಲ್ಲ, ಈ ಬೂಷ್ಟು ಇದೆ. ಈ ಮಾತನ್ನು ನಿರ್ದೇಶಕರು ದಯವಿಟ್ಟು ಗಮನಿಸಬೇಕು.

ಈ ರೋಗ ನಮ್ಮ ಹಣೆಬರಹಕ್ಕೆ ಮಾತ್ರ ಬಂದದ್ದಲ್ಲ. ೧೮೪೫ರಲ್ಲಿ ಐರ್ಲೆಂಡ್ ದೇಶಕ್ಕೆ ಇದೇ ಅಂಗಮಾರಿ ಬಂತು. ಅಲ್ಲಿನ ಬಡವರಿಗೆ ಆಲೂಗೆಡ್ಡೆಯೇ ಊಟ. ಬೆಳೆಯುತ್ತಿದ್ದದ್ದೂ ಹೆಚ್ಚಾಗಿ ಒಂದೇ ತಳಿ. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಆಗ ಇದು ಯಾವ ರೋಗ, ಯಾಕೆ ಬರುತ್ತದೆ ಅಂತ ಬಹುಮಂದಿಗೆ ಗೊತ್ತಿರಲಿಲ್ಲ. ದೇವರ ಶಾಪ ಅಂದರು, ಕೆಟ್ಟ ಗಾಳಿ ಅಂದರು. ಒಂದು ಸೂಕ್ಷ್ಮಜೀವಿ ಗಿಡವನ್ನು ಕೊಲ್ಲಬಲ್ಲದು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಈ ರೋಗದ ಅಧ್ಯಯನದಿಂದಲೇ. ಸಸ್ಯರೋಗ ಶಾಸ್ತ್ರ ಎಂಬ ವಿದ್ಯೆ ಹುಟ್ಟಿದ್ದು ಹಸಿದವರ ಹೊಲದಲ್ಲಿ.

ನಾವು ಜ್ಯೋತಿ, ಜ್ಯೋತಿ ಅಂತ ಕರೆಯುವ ತಳಿಯ ಪೂರ್ತಿ ಹೆಸರು ಕುಫ್ರಿ ಜ್ಯೋತಿ. ಕುಫ್ರಿ ಅನ್ನುವುದು ಶಿಮ್ಲಾ ಪಕ್ಕದ ಒಂದು ಗುಡ್ಡದ ಊರು. ನಮ್ಮ ಬಯಲಿನಲ್ಲಿ ಆಲೂಗಿಡ ಸರಿಯಾಗಿ ಹೂ ಬಿಟ್ಟು ಕಾಯಿ ಕಟ್ಟುವುದು ಅಪರೂಪ. ಆ ಬೆಟ್ಟದ ತಂಪಿಗೆ, ಅಲ್ಲಿನ ಬೇಸಿಗೆಯ ದೀರ್ಘ ಹಗಲಿಗೆ ಹೂ ಬಿಡುತ್ತದೆ. ಅದಕ್ಕೇ ಅಲ್ಲಿ ತಳಿ ಸಂಕರದ ಕೆಲಸ. ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ೧೯೪೯ರಲ್ಲಿ ಪಾಟ್ನಾದಲ್ಲಿ ಶುರುವಾಗಿ ೧೯೫೬ರಲ್ಲಿ ಶಿಮ್ಲಾಕ್ಕೆ ಹೋಯಿತು. ಕುಫ್ರಿ ಜ್ಯೋತಿ ೧೯೬೮ರಲ್ಲಿ ಹೊರಬಂತು. ಬಂದ ಹೊಸತರಲ್ಲಿ ಅದು ಅಂಗಮಾರಿಯನ್ನು ತಡೆದುಕೊಳ್ಳುತ್ತಿತ್ತು. ಆಮೇಲೆ ಏನಾಯಿತು? ರೋಗಾಣು ಸುಮ್ಮನೆ ಕೂರಲಿಲ್ಲ. ಅದೂ ಬದಲಾಯಿತು. ಬೀಗ ಹಳೆಯದಾಯಿತು, ಕಳ್ಳ ಹೊಸ ಕೀಲಿ ಮಾಡಿಸಿಕೊಂಡ. ಇಲ್ಲಿಯೇ ಸಂಶೋಧನೆಯ ಗುಟ್ಟು ಇರುವುದು. ಒಂದು ಸಲ ಹಣ ಹಾಕಿ, ಒಂದು ತಳಿ ತಂದು, ಕೈ ತೊಳೆದುಕೊಂಡರೆ ಮುಗಿಯುವ ಕೆಲಸ ಇದಲ್ಲ. ಕೆರೆಗೆ ಏರಿ ಕಟ್ಟಿದ ಮೇಲೂ ವರ್ಷ ವರ್ಷ ಹೂಳು ತೆಗೆಯಬೇಕಲ್ಲ, ಹಾಗೆ.

ಬಿತ್ತನೆ ಗೆಡ್ಡೆಯನ್ನು ಜಲಂಧರದಿಂದ ತರಿಸುತ್ತೇವೆ. ಅಷ್ಟು ದೂರದಿಂದ ಯಾಕೆ? ಆಲೂಗೆಡ್ಡೆಯನ್ನು ಗೆಡ್ಡೆಯಿಂದಲೇ ಬೆಳೆಸುವುದರಿಂದ ನಂಜು ರೋಗಗಳು ತಾಯಿಯಿಂದ ಮಗುವಿಗೆ ಬಂದಹಾಗೆ ಗೆಡ್ಡೆಯಿಂದ ಗೆಡ್ಡೆಗೆ ಬರುತ್ತವೆ. ನಂಜು ಹರಡುವುದು ಸಸ್ಯಹೇನು. ಉತ್ತರದ ಬಯಲಿನಲ್ಲಿ ಚಳಿಗಾಲದ ಒಂದು ಅವಧಿಯಲ್ಲಿ ಹೇನಿನ ಕಾಟ ತೀರ ಕಡಿಮೆ. ಆ ಅವಧಿಯೊಳಗೆ ಬೀಜದ ಬೆಳೆ ಬೆಳೆದು, ಹೇನು ಹೆಚ್ಚುವ ಮೊದಲೇ ಬಳ್ಳಿ ಕತ್ತರಿಸಿಬಿಟ್ಟರೆ ಗೆಡ್ಡೆ ಶುದ್ಧವಾಗಿರುತ್ತದೆ ಎಂದು ೧೯೫೦ರ ದಶಕದ ಕೊನೆಗೆ ನಮ್ಮ ದೇಶದ ವಿಜ್ಞಾನಿಗಳೇ ಕಂಡುಹಿಡಿದರು. ಗಿಡದ ಮೇಲೆ ಕೂತ ಹೇನನ್ನು ವಾರ ವಾರ ಎಣಿಸುವುದು ನೋಡುವವರಿಗೆ ಹುಚ್ಚು ಕೆಲಸ ಅನ್ನಿಸಬಹುದು. ಆದರೆ ಹಾಗೆ ಎಣಿಸಿದ್ದರಿಂದಲೇ ಪಂಜಾಬಿನ ರೈತನಿಗೆ ಬೀಜದ ವ್ಯಾಪಾರ ಸಿಕ್ಕಿತು, ನಮಗೆ ಬೀಜ ಸಿಕ್ಕಿತು.

ಈಗ ನಮ್ಮಲ್ಲೇ ಬೀಜ ಮಾಡಿಕೊಳ್ಳುವ ದಾರಿಯೂ ತೆರೆದಿದೆ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಶುದ್ಧ ಗಿಡದ ಕುಡಿಗಳನ್ನು ಕತ್ತರಿಸಿ, ಬೇರು ಬರಿಸಿ, ಸಸಿಯಾಗಿ ನೆಟ್ಟು ಬಿತ್ತನೆ ಗೆಡ್ಡೆ ಪಡೆಯುವ ವಿಧಾನ ಅದು. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವೂ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರವೂ ಸೇರಿ ಇದನ್ನು ಹಾಸನದ ರೈತರ ಹತ್ತಿರ ತಂದಿವೆ. ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಸೊಪ್ಪಿನ ಸಸಿ ನೆಟ್ಟಹಾಗೆ ಆಲೂ ಸಸಿ ನೆಡುವುದನ್ನು ಕಣ್ಣಾರೆ ಕಾಣಬಹುದು.

ಇನ್ನು ರಾಗಿಯ ಮಾತು. ನಮ್ಮ ಮುದ್ದೆಯ ಹಿಂದೆ ಒಬ್ಬ ಮಹನೀಯರಿದ್ದಾರೆ. ಅವರನ್ನು ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ೧೯೨೧ರಲ್ಲಿ ಹುಟ್ಟಿ ೧೯೯೩ರಲ್ಲಿ ತೀರಿಕೊಂಡ ಇವರು ಮಂಡ್ಯದ ವಿ.ಸಿ. ಫಾರಂನಲ್ಲಿ ಬಾಳು ಸವೆಸಿದರು. ರಾಗಿಯ ಹೂ ಎಷ್ಟು ಸಣ್ಣದು ಅಂದರೆ ಅದನ್ನು ಬಿಡಿಸಿ ಗಂಡು ಭಾಗ ತೆಗೆದು ಬೇರೆ ತಳಿಯ ಪರಾಗ ಹಾಕುವುದು ಆಗದ ಮಾತು ಅಂತ ಬಲ್ಲವರೇ ಕೈಚೆಲ್ಲಿದ್ದರು. ಜನ ಎದ್ದು ಮುಖ ತೊಳೆಯುವ ಮೊದಲೇ ಆ ಹೂವು ಅರಳಿ ತನ್ನಷ್ಟಕ್ಕೆ ತಾನೇ ಕಾಳುಕಟ್ಟಿ ಮುಗಿಸಿರುತ್ತದೆ. ಹಾಗಾಗಿ ಎರಡು ತಳಿಯ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿ, ಬಂದ ಕಾಳನ್ನೆಲ್ಲ ಬಿತ್ತಿ, ಸಾವಿರಾರು ಪೈರಿನಲ್ಲಿ ಬೆರಕೆಯಾದ ಕೆಲವನ್ನು ಬಣ್ಣದ ಗುರುತಿನಿಂದ ಹುಡುಕುವ ಉಪಾಯ. ಕೇಳಲು ಸುಲಭ, ಮಾಡಲು ಋಷಿಯ ತಾಳ್ಮೆ ಬೇಕು.

ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಹೀಗೆ ತಳಿಗಳು ಒಂದರ ಹಿಂದೆ ಒಂದು ಬಂದವು. ಆಮೇಲೆ ಅವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿದರು. ಇಂಡಿಯಾದ ಇಂಡ್, ಆಫ್ರಿಕದ ಆಫ್ ಸೇರಿ ಇಂಡಾಫ್ ಆಯಿತು. ರಾಗಿಯ ಮೂಲ ತವರು ಪೂರ್ವ ಆಫ್ರಿಕ. ಸಾವಿರಾರು ವರ್ಷದ ಹಿಂದೆ ಇತ್ತ ಬಂದದ್ದು. ಅಂದರೆ ಅಗಲಿ ಹೋಗಿದ್ದ ದಾಯಾದಿಗಳನ್ನು ಮತ್ತೆ ಒಂದು ಪಂಕ್ತಿಯಲ್ಲಿ ಕೂರಿಸಿದ ಹಾಗಾಯಿತು. ಇಂಡಾಫ್ ಬಂದ ಮೇಲೆ ಮೈಸೂರು ಸೀಮೆಯ ಒಣ ಹೊಲಗಳಲ್ಲಿ ರಾಗಿಯ ಇಳುವರಿ ಹೇಗೆ ಏರಿತು ಎಂಬುದನ್ನು ಕಣಜ ತುಂಬಿದವರೇ ಹೇಳಬೇಕು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಬೆಂಕಿ ರೋಗ ಬಂತು, ತೆನೆಯ ಕತ್ತು ಕಪ್ಪಾಗಿ ಕಾಳು ಜೊಳ್ಳಾಯಿತು. ಆಗ ಇಂಡಾಫ್ ೫, ಇಂಡಾಫ್ ೯ರ ಜೊತೆಗೆ ಐಇ ೧೦೧೨ ಎಂಬ ನಂಬರಿನ ಒಂದು ತಳಿಯನ್ನು ಸೇರಿಸಿ, ೧೯೯೦ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜಿಪಿಯು ೨೮ ಮಾಡಿದರು. ಬೆಂಕಿ ರೋಗವನ್ನು ತಡೆಯುವ ತಳಿ ಅಂತ ಅದನ್ನು ನೀವೆಲ್ಲ ಬಲ್ಲಿರಿ. ಈಗ ಯೋಚನೆ ಮಾಡಿ. ಆ ಐಇ ೧೦೧೨ಕ್ಕೆ ಒಂದು ಹೆಸರು ಕೂಡ ಇರಲಿಲ್ಲ, ಬರೀ ನಂಬರು. ಸಂಗ್ರಹದಲ್ಲಿ ಇಂಥ ಸಾವಿರಾರು ನಂಬರುಗಳನ್ನು ಆಗಾಗ ಬಿತ್ತಿ, ಕೊಯ್ದು, ಚೀಲಕ್ಕೆ ಚೀಟಿ ಕಟ್ಟಿ ಕಾಪಾಡುತ್ತಾರೆ. ಲೆಕ್ಕ ಪರಿಶೋಧಕರು ಬಂದು, ಉಪಯೋಗ ಇಲ್ಲದ ಈ ಕಾಳಿಗೆ ಇಷ್ಟೊಂದು ಖರ್ಚು ಯಾಕೆ ಅಂತ ಅದನ್ನು ನಿಲ್ಲಿಸಿದ್ದರೆ? ಬೆಂಕಿ ರೋಗ ಬಂದ ದಿನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಹೊಳೆನರಸೀಪುರ, ಅರಕಲಗೂಡು ಕಡೆ ರಾಜಮುಡಿ ಭತ್ತವನ್ನು ಇಂದಿಗೂ ಉಳಿಸಿಕೊಂಡು ಬಂದಿರುವ ರೈತರು ಮಾಡುತ್ತಿರುವುದೂ ಇದೇ ಕೆಲಸ. ಅವರಿಗೆ ಯಾರೂ ಸಂಬಳ ಕೊಟ್ಟಿಲ್ಲ. ಅವರಿಗೆ ಈ ಸಭೆಯ ಪರವಾಗಿ ಕೈ ಮುಗಿಯುತ್ತೇನೆ.

ಚನ್ನರಾಯಪಟ್ಟಣದ ಕಡೆಯವರು ನಮ್ಮ ತೆಂಗಿನ ವಿಷಯ ಬಿಟ್ಟಿರಿ ಅನ್ನಬಾರದು. ೧೯೯೮ರಲ್ಲಿ ಕೇರಳದಲ್ಲಿ ಕಂಡ ನುಸಿ ಪೀಡೆ ಸ್ವಲ್ಪ ಕಾಲದಲ್ಲೇ ನಮ್ಮ ತೋಟಗಳಿಗೂ ಬಂತು. ಕಣ್ಣಿಗೆ ಕಾಣದ ನುಸಿ ಕಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ರಸ ಹೀರಿ, ಕಾಯಿ ಸೀಳು ಬಿಟ್ಟು ಕುಗ್ಗಿಹೋಗುವುದನ್ನು ನೋಡಿ ಎಷ್ಟು ಜನ ಎದೆ ಬಡಿದುಕೊಂಡರು! ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಸೇರಿಸಿದ ದ್ರಾವಣ ಹೊಡೆಯಿರಿ ಅಂತ ಸಲಹೆ ಕೊಟ್ಟವರು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು. ಅದು ೧೯೧೬ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾದದ್ದು. ಅಲ್ಲೇ ಹತ್ತಿರದ ನೀಲೇಶ್ವರದಲ್ಲಿ ೧೯೩೦ರ ದಶಕದಲ್ಲಿ ಎತ್ತರದ ಜಾತಿಗೂ ಗಿಡ್ಡ ಜಾತಿಗೂ ಸಂಕರ ಮಾಡಿದ್ದು ತೆಂಗಿನಲ್ಲಿ ಜಗತ್ತಿಗೇ ಮೊದಲು. ತೆಂಗಿನ ಸಸಿ ನೆಟ್ಟು ಫಲ ಕಾಣಲು ಆರೇಳು ವರ್ಷ ಬೇಕು. ಆಮೇಲೆ ಇಳುವರಿ ಅಳೆಯಲು ಇನ್ನಷ್ಟು ವರ್ಷ. ಒಳ್ಳೆಯ ಮರ ಆರಿಸಿ, ಸಂಕರ ಮಾಡಿ, ಮತ್ತೆ ನೆಟ್ಟು ನೋಡುವುದರೊಳಗೆ ನಮ್ಮ ಸಂಘದ ಬೆಳ್ಳಿಹಬ್ಬದಷ್ಟು ಕಾಲ ಕಳೆದಿರುತ್ತದೆ. ಶುರು ಮಾಡಿದ ವಿಜ್ಞಾನಿ ನಿವೃತ್ತಿಯಾಗಿರುತ್ತಾನೆ. ನಡುವೆ ಎರಡು ವರ್ಷ ಅನುದಾನ ನಿಂತರೆ ಹತ್ತು ವರ್ಷದ ಕೆಲಸ ಒಣಗಿಹೋಗುತ್ತದೆ.

ಹಣ ಹಾಕುವವರು ಯಾರು ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಕಂಪನಿಗಳು ಇವೆಯಲ್ಲ, ಅವರೇ ಮಾಡಲಿ ಅನ್ನುವವರಿದ್ದಾರೆ. ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನು ವರ್ಷ ವರ್ಷ ಕೊಳ್ಳಲೇಬೇಕು. ಅದರಲ್ಲಿ ಕಂಪನಿಗೆ ಲಾಭ ಇದೆ, ಮಾಡುತ್ತಾರೆ. ಅದು ತಪ್ಪೂ ಅಲ್ಲ. ಆದರೆ ರಾಗಿ ಹಾಗಲ್ಲ. ಒಂದು ಸಲ ನಾಲ್ಕೈದು ಕೆ.ಜಿ. ತಂದರೆ ಮುಂದಿನ ವರ್ಷಕ್ಕೆ ನಮ್ಮ ಕಣದಲ್ಲೇ ಬೀಜ. ಪಕ್ಕದ ಮನೆಯವನಿಗೆ ಒಂದು ಸೇರು ಕೊಟ್ಟರೂ ಆಯಿತು. ಇದರಲ್ಲಿ ಯಾವ ಕಂಪನಿಗೆ ಏನು ಸಿಗುತ್ತದೆ? ರೈತನಿಗೆ ಅತಿ ಹೆಚ್ಚು ಉಪಕಾರವಾಗುವ ಬೀಜದಲ್ಲೇ ವ್ಯಾಪಾರಿಗೆ ಅತಿ ಕಡಿಮೆ ಲಾಭ. ಆದ್ದರಿಂದ ರಾಗಿ, ಹುರುಳಿ, ಅವರೆ, ರಾಜಮುಡಿಯಂಥ ಬೆಳೆಗಳ ಕೆಲಸವನ್ನು ಸಾರ್ವಜನಿಕ ಹಣದಲ್ಲೇ ಮಾಡಬೇಕು. ನಮ್ಮ ದೇಶ ವ್ಯವಸಾಯದಿಂದ ಬರುವ ನೂರು ರೂಪಾಯಿ ಉತ್ಪನ್ನಕ್ಕೆ ಒಂದು ರೂಪಾಯಿಯನ್ನೂ ಕೃಷಿ ಸಂಶೋಧನೆಗೆ ಖರ್ಚು ಮಾಡುತ್ತಿಲ್ಲ. ಜಮೀನಿನಲ್ಲಿ ಬಂದ ಫಸಲೆಲ್ಲ ಉಂಡು ಬಿತ್ತನೆಗೆ ಒಂದು ಹಿಡಿ ಎತ್ತಿಡದ ಮನೆ ಎಷ್ಟು ದಿನ ನಡೆದೀತು?

ಹಿಂದಿನವರಿಗೆ ಈ ದೃಷ್ಟಿ ಇತ್ತು. ೧೮೯೯ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಇನ್ನೂ ಬಡತನದಲ್ಲಿದ್ದಾಗಲೇ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ೩೦ ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆ ಕೊಟ್ಟರು. ೧೯೦೮ರಲ್ಲಿ ಕೆನಡಾ ದೇಶದಿಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯನ್ನು ಕರೆಸಿದರು. ಆಗ ಮಲೆನಾಡಿನ ಅಡಿಕೆಗೆ ಕೊಳೆ ರೋಗ. ಕೊನೆಗೆ ಕೊಟ್ಟೆ ಕಟ್ಟುವುದೊಂದೇ ಗೊತ್ತಿದ್ದ ಉಪಾಯ. ಕೊಳೆ ರೋಗದ ಸೂಕ್ಷ್ಮಜೀವಿ ನಮ್ಮ ಅಂಗಮಾರಿಯ ದಾಯಾದಿಯೇ ಹೌದು. ಕೋಲ್ಮನ್ನರು ತೋಟಗಳಲ್ಲಿ ಅಲೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಪ್ರಯೋಗ ಮಾಡಿ ರೂಢಿಗೆ ತಂದರು. ನೂರು ವರ್ಷ ದಾಟಿದರೂ ಮಲೆನಾಡಿನಲ್ಲಿ ಮಳೆಗಾಲ ಬಂದರೆ ಅದೇ ದ್ರಾವಣ ಹೊಡೆಯುತ್ತಾರೆ. ಬಾಳೆಹೊನ್ನೂರಿನ ಕಾಫಿ ಕೇಂದ್ರ, ಮಂಡ್ಯದ ವಿ.ಸಿ. ಫಾರಂ ಎಲ್ಲ ಅವರ ಕಾಲದಲ್ಲಿ ಎದ್ದವು. ಆ ಫಾರಂ ಇಲ್ಲದಿದ್ದರೆ ಲಕ್ಷ್ಮಣಯ್ಯನವರು ಎಲ್ಲಿ ಕೂತು ರಾಗಿ ತೆನೆ ಕಟ್ಟಬೇಕಿತ್ತು? ಒಂದು ತಲೆಮಾರು ಹಾಕಿದ ಹಣ ಮುಂದಿನ ತಲೆಮಾರಿಗೆ ಅನ್ನವಾಗುತ್ತದೆ.

ಇತ್ತೀಚಿನ ಒಂದು ನಿದರ್ಶನವನ್ನೂ ಹೇಳಬೇಕು. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಒಂದು ಹೊಸ ಹುಳು ಕಂಡಿತು. ತಲೆಯ ಮೇಲೆ ತಲೆಕೆಳಗಾದ ಕವಲಿನ ಗುರುತು, ಬಾಲದ ಹತ್ತಿರ ನಾಲ್ಕು ಚುಕ್ಕೆ. ಹೊಲದಲ್ಲಿ ನಿಂತವನಿಗೆ ಅದು ಇನ್ನೊಂದು ಹುಳು ಅಷ್ಟೆ. ಅಲ್ಲಿನ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು ಅದು ಅಮೆರಿಕ ಖಂಡದಿಂದ ಹೊರಟು ಆಫ್ರಿಕವನ್ನು ಹಾಳುಗೆಡವಿದ ಫಾಲ್ ಸೈನಿಕ ಹುಳು ಅಂತ ಗುರುತು ಹಿಡಿದರು. ಭಾರತದಲ್ಲಿ ಅದೇ ಮೊದಲು. ಕಳ್ಳನ ಹೆಸರು ಗೊತ್ತಾದರೆ ಅರ್ಧ ಕಳ್ಳತನ ಸಿಕ್ಕಿಬಿದ್ದ ಹಾಗೆ. ಹುಳುವಿನ ಜಾತಿ ಗುರುತಿಸುವ ವಿದ್ಯೆ ಕಲಿತವರು ಜಿಲ್ಲೆಗೊಬ್ಬರಾದರೂ ಇರಬೇಕು. ಅಂಥವರು ನಿವೃತ್ತಿಯಾದ ಮೇಲೆ ಆ ಕುರ್ಚಿ ಖಾಲಿ ಬಿದ್ದರೆ ಅದರ ನಷ್ಟ ಬಜೆಟ್ ಪುಸ್ತಕದಲ್ಲಿ ಕಾಣುವುದಿಲ್ಲ, ನಮ್ಮ ಹೊಲದಲ್ಲಿ ಕಾಣುತ್ತದೆ.

ವಿಜ್ಞಾನಿಗಳು ನಮ್ಮ ಹೊಲಕ್ಕೆ ಎಲ್ಲಿ ಬರ್ತಾರೆ ಸ್ವಾಮಿ, ಫಾರಂನಲ್ಲಿ ಬಂದ ಇಳುವರಿ ನಮ್ಮಲ್ಲಿ ಯಾಕೆ ಬರೋದಿಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫಾರಂನ ನೀರು, ಗೊಬ್ಬರ, ಆಳು ನಮಗಿಲ್ಲ. ಹಾಗಂತ ವಿದ್ಯೆಯನ್ನೇ ಬಿಟ್ಟರೆ ನಷ್ಟ ಯಾರಿಗೆ? ಅವರನ್ನು ನಮ್ಮ ಹೊಲಕ್ಕೆ ಎಳೆದು ತರುವ ಕೆಲಸ ನಮ್ಮದು. ಒಬ್ಬ ರೈತ ಕರೆದರೆ ಬಾರದವರು ಸಂಘ ಕರೆದರೆ ಬರುತ್ತಾರೆ. ಅದಕ್ಕಾಗಿ ಬೆಳ್ಳಿಹಬ್ಬದ ನೆನಪಿಗೆ ನಾಲ್ಕು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ.

ಒಂದನೆಯದು, ಸಂಘದ ಸದಸ್ಯರ ಜಮೀನಿನಲ್ಲಿ ಪ್ರತಿ ವರ್ಷ ನಾಲ್ಕು ಗುಂಟೆ ಪ್ರಯೋಗ ತಾಕಿಗೆ ಬಿಟ್ಟುಕೊಡೋಣ. ಹೊಸ ರಾಗಿ, ಹೊಸ ಆಲೂ ತಳಿಗಳನ್ನು ನಮ್ಮ ಹಳೆಯ ತಳಿಯ ಪಕ್ಕದಲ್ಲೇ ಬೆಳೆದು, ತೂಕ ಮಾಡಿ, ಲೆಕ್ಕವನ್ನು ವಾರ್ಷಿಕ ಮಹಾಸಭೆಯಲ್ಲಿ ಓದೋಣ. ಸೋತ ಲೆಕ್ಕವನ್ನೂ ಓದಬೇಕು.

ಎರಡನೆಯದು, ಹಾಸನದ ಮಡೆನೂರು ಸಂಶೋಧನಾ ಕೇಂದ್ರ, ಕಾರೇಕೆರೆಯ ಕೃಷಿ ಕಾಲೇಜು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಸೋಮನಹಳ್ಳಿ ಕಾವಲು, ಇವೆಲ್ಲ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ಹತ್ತಿರ. ಮುಂಗಾರಿಗೆ ಮೊದಲು ಒಂದು ಸಲ, ಕೊಯ್ಲಿಗೆ ಮೊದಲು ಒಂದು ಸಲ ಸದಸ್ಯರನ್ನು ಕರೆದುಕೊಂಡು ಹೋಗೋಣ. ಹೆಣ್ಣುಮಕ್ಕಳನ್ನು ತಪ್ಪದೆ ಕರೆದೊಯ್ಯಬೇಕು. ಬೀಜ ಆರಿಸಿ ಬೂದಿ ಬೆರೆಸಿ ಗಡಿಗೆಯಲ್ಲಿ ಎತ್ತಿಡುವವರು ಅವರೇ.

ಮೂರನೆಯದು, ಸಂಘದ ಲಾಭದಲ್ಲಿ ಸಹಕಾರ ಶಿಕ್ಷಣಕ್ಕೆ ಒಂದು ಪಾಲು ತೆಗೆದಿಡುವ ಪದ್ಧತಿ ಇದ್ದೇ ಇದೆ. ಅದರ ಜೊತೆಗೆ, ಕಾಯಿದೆ ಒಪ್ಪುವ ಹಾಗೆ, ಒಂದು ಸಣ್ಣ ಬೀಜ ನಿಧಿ ಮಾಡೋಣ. ಊರಿನ ಹಳೆಯ ತಳಿ ಕಾಪಾಡುವವರಿಗೆ ಅದರಿಂದ ಸಹಾಯವಾಗಲಿ. ಗಿಡಗಳ ಬಗ್ಗೆ ಓದಲು ಹೋಗುವ ಊರಿನ ಒಬ್ಬ ಮಗುವಿಗೆ ಪುಸ್ತಕದ ಖರ್ಚಾದರೂ ಸಿಗಲಿ. ಎಲ್ಲರೂ ಇಂಜಿನಿಯರೇ ಆದರೆ ಅಂಗಮಾರಿಗೆ ಮದ್ದು ಹುಡುಕುವವರು ಯಾರು?

ನಾಲ್ಕನೆಯದು, ಓಟು ಕೇಳಲು ಬಂದವರನ್ನು ರಸ್ತೆ, ಚರಂಡಿ, ಸಮುದಾಯ ಭವನ ಕೇಳುತ್ತೇವೆ. ಕೇಳಬೇಕು. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸೋಣ. ನಮ್ಮ ಜಿಲ್ಲೆಯ ಸಂಶೋಧನಾ ಕೇಂದ್ರಗಳಲ್ಲಿ ಎಷ್ಟು ಹುದ್ದೆ ಇವೆ, ಎಷ್ಟು ತುಂಬಿವೆ, ಈ ವರ್ಷ ಪ್ರಯೋಗಕ್ಕೆ ಎಷ್ಟು ಹಣ ಬಂದಿದೆ? ಜಿಲ್ಲೆಯ ಎಲ್ಲ ಸಂಘಗಳೂ ಈ ಒಂದು ಪ್ರಶ್ನೆಯನ್ನು ನಿರ್ಣಯ ಮಾಡಿ ಕಳಿಸಿದರೆ ಉತ್ತರ ಕೊಡದೆ ಇರಲಾರರು. ಕೇಳುವವರಿಲ್ಲದ ಬಾಬಿಗೆ ಮೊದಲು ಕತ್ತರಿ ಬೀಳುತ್ತದೆ ಎಂಬುದು ಎಲ್ಲ ಲೆಕ್ಕದ ಪುಸ್ತಕಗಳ ನಿಯಮ.

ಹೇಮಾವತಿಗೆ ಗೊರೂರಿನಲ್ಲಿ ಕಟ್ಟೆ ಕಟ್ಟಿದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅಷ್ಟು ದೊಡ್ಡ ಕಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದು ರಾಗಿ ತೆನೆಯೊಳಗೆ ಕಟ್ಟಿದ ಕಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಎರಡೂ ನಮ್ಮ ತಟ್ಟೆಗೆ ಅನ್ನ ತಂದಿವೆ. ಸಂಘ ಮುಂದಿನ ಇಪ್ಪತ್ತೈದು ವರ್ಷ ತುಂಬಿ ಸುವರ್ಣ ಮಹೋತ್ಸವ ಆಚರಿಸುವಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲಗಳಲ್ಲಿ ಅಂಗಮಾರಿಗೆ ಹೆದರದ ಆಲೂಗೆಡ್ಡೆ ಇರಬೇಕಾದರೆ, ಆ ಕೆಲಸ ಈ ವರ್ಷವೇ ಎಲ್ಲೋ ಒಂದು ಕಡೆ ಶುರುವಾಗಬೇಕು, ನಡುವೆ ನಿಲ್ಲದ ಹಾಗೆ ನಾವು ಬೆನ್ನಿಗೆ ನಿಲ್ಲಬೇಕು.